ಕೈಬಿಟ್ಟವರ ಪಟ್ಟಿ

ಸಂಜೆ ಐದು ಗಂಟೆಯೊಳಗೆ ಹೇಳಿಬಿಡಬೇಕು. ಹೇಳಬೇಕಾದದ್ದು ನಾಲ್ಕೇ ಮಾತು. ನಾಲ್ಕು ಮಾತಿಗೆ ಇಡೀ ಒಂದು ದಿನ ಬೇಕೇನಯ್ಯಾ ನಿನಗೆ ಎಂದು ಸಹಾಯಕ ಕೋಚ್ ಲೋವೆಲ್ ಸ್ಟ್ರಾಂಡ್ ಬೆಳಿಗ್ಗೆ ಹಲ್ಲುಜ್ಜುವಾಗಲೇ ಕನ್ನಡಿಯಲ್ಲಿದ್ದವನನ್ನು ಗದರಿಸಿಕೊಂಡಿದ್ದ. ಈಗ ಏಳೂವರೆ. ವಿಶ್ವವಿದ್ಯಾಲಯದ ಹಳೆಯ ಈಜುಕೊಳದ ಅಂಚಿನಲ್ಲಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಇಪ್ಪತ್ತಾರು ವರ್ಷದಿಂದ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದ. ಎದುರು ತುದಿಯಲ್ಲಿ ಆರ್ಲೋ ಹ್ರುಸ್ಕಾ ಮೊಣಕಾಲೂರಿ ಕೂತು, ತೋಳನ್ನು ಹೆಗಲವರೆಗೂ ನೀರಿಗಿಳಿಸಿ, ಅಂಕಿಯ ಹಲಗೆಯನ್ನು ಮುಳುಗಿಸಿ ಹಿಡಿದಿದ್ದ. ದೂರದ ಸ್ಪರ್ಧೆ ಈಜುವವನಿಗೆ ತಾನು ಎಷ್ಟನೆಯ ಸಲ ಗೋಡೆ ಮುಟ್ಟುತ್ತಿದ್ದೇನೆಂಬ ನೆನಪು ಇರುವುದಿಲ್ಲ. ಸಾವಿರ ಗಜವೆಂದರೆ ಕೊಳದ ಉದ್ದಕ್ಕೆ ನಲವತ್ತು ಸಲ. ಹನ್ನೆರಡು ಹದಿನೈದು ಆಗುವಷ್ಟರಲ್ಲಿ ತಲೆಯೊಳಗೂ ನೀರೇ. ಅದಕ್ಕೇ ತಂಡದವನೊಬ್ಬ ಆಚೆ ತುದಿಯಲ್ಲಿ ಕೂತು ಅಂಕಿ ತೋರಿಸಬೇಕು. ಹದಿನೇಳು, ಹತ್ತೊಂಬತ್ತು, ಇಪ್ಪತ್ತೊಂದು, ಆ ತುದಿಗೆ ಬೆಸ ಸಂಖ್ಯೆಗಳೇ ಬರುವುದು. ಕಡೆಯ ಸಲಕ್ಕೆ ಕೆಂಪು ಹಲಗೆ. ಇದೇನು ಮಹಾ ಎಂದವರು ಒಮ್ಮೆ ಕೂತು ನೋಡಬೇಕು. ನೀರು ಚಿಮ್ಮುತ್ತದೆ, ಪಕ್ಕದ ಸಾಲಿನವನು ಕೂಗುತ್ತಾನೆ, ಒಂದು ಕ್ಷಣ ಮನಸ್ಸು ಬೇರೆಲ್ಲೋ ಹೋದರೆ ಮುಗಿಯಿತು, ಈಜುವವನ ಆರು ತಿಂಗಳ ಶ್ರಮ ಮಣ್ಣುಪಾಲು. ಆರ್ಲೋ ಮೂರು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. 'ನನಗೆ ಆರ್ಲೋನೇ ಎಣಿಸಬೇಕು' ಎಂದು ಹುಡುಗರು ವಾರದ ಮೊದಲೇ ಹೇಳಿಡುತ್ತಿದ್ದರು. ಅವನು ಈಜುವಾಗ ಯಾರು ಎಣಿಸುತ್ತಿದ್ದರು ಎಂದು ಲೋವೆಲ್ ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ.

ಈಗ ನೀರಿನಲ್ಲಿದ್ದವನು ಬ್ರೈಸ್ ಟಿಲ್ಮನ್. ಆಗಸ್ಟಿನಲ್ಲಿ ಬೇರೊಂದು ವಿಶ್ವವಿದ್ಯಾಲಯದಿಂದ ಬಂದವನು. ಅಲ್ಲಿ ಈಜಿನ ತಂಡವನ್ನೇ ಮುಚ್ಚಿಬಿಟ್ಟರು, ಒಂದು ಮಂಗಳವಾರ, ಫೋನಿನ ಪರದೆಯ ಮೇಲೆ ಹತ್ತು ನಿಮಿಷದ ಸಭೆಯಲ್ಲಿ. ಆರ್ಲೋಗಿಂತ ಇವನು ಸಾವಿರ ಗಜಕ್ಕೆ ಇಪ್ಪತ್ತು ಸೆಕೆಂಡು ಮುಂದೆ. ತಂಡಕ್ಕೆ ಈಗ ಮೂವತ್ತೇ ಜನರ ಮಿತಿ, ಇವನು ಅದರೊಳಗೆ ಬಂದದ್ದರಿಂದ ಆರ್ಲೋ ಮೂವತ್ತೊಂದನೆಯವನಾದ. ಯಾರಿಂದ ತನ್ನ ಜಾಗ ಹೋಗುತ್ತಿದೆಯೋ ಅವನ ಸುತ್ತುಗಳನ್ನೇ ಹುಡುಗ ಅಷ್ಟು ಶ್ರದ್ಧೆಯಿಂದ ಎಣಿಸುತ್ತಿದ್ದಾನೆ, ಇಪ್ಪತ್ತೊಂಬತ್ತು, ಮೂವತ್ತೊಂದು, ಬ್ರೈಸ್ ಸೋಲುತ್ತಿದ್ದಾನೆಂದು ಕಂಡಾಗ ಹಲಗೆಯನ್ನು ನೀರಿನೊಳಗೆ ಜೋರಾಗಿ ಅಲ್ಲಾಡಿಸುತ್ತಿದ್ದಾನೆ, 'ಬಾರೋ, ಬಾರೋ, ಇನ್ನೇನು ಬಂತು' ಎಂದು ನೀರಿಗೆ ಬಾಯಿಟ್ಟು ಕಿರುಚುತ್ತಿದ್ದಾನೆ. ಅಯ್ಯೋ ದೇವರೇ ಎಂದುಕೊಂಡ ಲೋವೆಲ್. ಸ್ಟಾಪ್‌ವಾಚ್ ಒತ್ತುವುದನ್ನು ಮರೆತ. ಗೋಡೆ ಮುಟ್ಟಿದ ಬ್ರೈಸ್ ಕನ್ನಡಕ ಕಿತ್ತು ಏದುಸಿರು ಬಿಡುತ್ತ "ಎಷ್ಟಾಯ್ತು ಕೋಚ್?" ಎಂದಾಗ ಬಾಯಿಗೆ ಬಂದ ಒಂದು ಸಮಯ ಹೇಳಿಬಿಟ್ಟ.

ಮುಖ್ಯ ಕೋಚ್ ಗ್ರೇಡಿ ಸೊರೆನ್ಸನ್ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟ. ಮೂವತ್ತಾರರ ಹುಡುಗ. ಒಂದು ಕಾಲದಲ್ಲಿ ಇದೇ ಕೊಳದಲ್ಲಿ ಲೋವೆಲ್ ಕೈಕೆಳಗೆ ಈಜಿದವನು. ಎಲ್ಲವನ್ನೂ ನಗುತ್ತಲೇ ಹೇಳುವ ಅವನ ಅಭ್ಯಾಸ ಇತ್ತೀಚೆಗೆ ಲೋವೆಲ್‌ಗೆ ಹಲ್ಲುನೋವಿನ ಹಾಗೆ ಆಗಿತ್ತು.

"ಹೇಳಿದ್ರಾ?"

"ಇನ್ನೂ ಇಲ್ಲ."

"ಎಳೆದಷ್ಟೂ ಕಷ್ಟ ಲೋವೆಲ್. ನಾಳೆ ಮೊದಲ ಸ್ಪರ್ಧೆ. ಐದು ಗಂಟೆಗೆ ನಿಯಮದ ಆಫೀಸಿನ ಡಾನೆಟ್ ಕೈಗೆ ಮೂವತ್ತು ಹೆಸರು ಹೋಗ್ಬೇಕು. ಮೂವತ್ತೊಂದಿದ್ರೆ ಇಡೀ ತಂಡ ನೀರಿಗಿಳಿಯೋ ಹಾಗಿಲ್ಲ."

"ನೀನೇ ಹೇಳಬಹುದಲ್ಲ. ಮುಖ್ಯ ಕೋಚ್ ನೀನು."

"ನಿಮ್ಮ ಹುಡುಗ ಅವನು. ನೀವು ಕರ್ಕೊಂಡು ಬಂದೋನು. ನಿಮ್ಮ ಬಾಯಿಂದ ಬಂದ್ರೆ ಅವನಿಗೂ ಸಮಾಧಾನ." ಗ್ರೇಡಿ ನಕ್ಕ. "ಏನು ಮಾಡೋಕಾಗುತ್ತೆ ಹೇಳಿ? ನಿಯಮ ನಾವು ಮಾಡಿದ್ದಾ?"

ನಿಯಮ ಯಾರೂ ಮಾಡಿದ್ದಲ್ಲ, ಅದೇ ಅದರ ಹೆಚ್ಚುಗಾರಿಕೆ. ಎಲ್ಲೋ ಒಂದು ಮೊಕದ್ದಮೆ ನಡೆಯಿತು, ರಾಜಿಯಾಯಿತು. ಇಷ್ಟು ವರ್ಷ ಆಟಗಾರರ ಬೆವರಿನಿಂದ ದುಡ್ಡು ಮಾಡಿದಿರಿ, ಇನ್ನು ಅವರಿಗೂ ಪಾಲು ಕೊಡಿ ಎಂದಾಯಿತು. ನ್ಯಾಯವೇ. ಲೋವೆಲ್ ಅದನ್ನು ಯಾವತ್ತೂ ಅನ್ಯಾಯ ಅಂದವನಲ್ಲ. ಫುಟ್‌ಬಾಲ್ ಹುಡುಗರ ಮಂಡಿಗಳು ಇಪ್ಪತ್ತೆರಡಕ್ಕೇ ಸವೆದುಹೋಗುವುದನ್ನು ಕಂಡವನು. ಆದರೆ ಪಾಲು ಎಲ್ಲಿಂದ ಬರಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದಾಯ ತರುವ ಆಟ ಎರಡು, ತರದ ಆಟ ಹದಿನಾರು. ಆ ಹದಿನಾರಕ್ಕೆ ಈಚೆಗೆ ಹೊಸ ಹೆಸರಿಟ್ಟಿದ್ದರು, 'ಒಲಿಂಪಿಕ್ ಆಟಗಳು' ಎಂದು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ. ದಕ್ಷಿಣಕ್ಕೆ ವಿಮಾನದಲ್ಲಿ ಹೋಗಿ ನಡೆಸುತ್ತಿದ್ದ ಜನವರಿಯ ಶಿಬಿರ ನಿಂತಿತು, ಮಸಾಜು ಮಾಡುವವಳು ಹೋದಳು, ಕೊನೆಗೆ ತಲೆಗಳ ಎಣಿಕೆಗೇ ಬಂತು. ಈಜಿಗೆ ಮೂವತ್ತು, ಅಷ್ಟೇ. ವಿದ್ಯಾರ್ಥಿವೇತನ ಬೇಡ, ಬೂಟು ಬೇಡ, ನಾನೇ ಬಂದಿದ್ದೇನೆ, ಒಂದು ಮೂಲೆಯಲ್ಲಿ ಈಜಲು ಬಿಡಿ ಎಂದು ಬಾಗಿಲು ತಟ್ಟಿ ಬರುವ ಆರ್ಲೋನಂಥ ಹುಡುಗರನ್ನು ಲೋವೆಲ್ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ವಾಪಸು ಕಳಿಸಿರಲಿಲ್ಲ. ಕೊಳದಲ್ಲಿ ನೀರಿಗೇನು ಬರವೇ ಎನ್ನುತ್ತಿದ್ದ.

ಒಂಬತ್ತೂವರೆಗೆ ಫುಟ್‌ಬಾಲ್ ಕಟ್ಟಡದ ಕಡೆ ನಡೆದ. ನಿಯಮ ಪಾಲನೆಯ ಕಚೇರಿ ಈಗ ಅಲ್ಲಿಗೆ ಹೋಗಿತ್ತು. ಮೇಪಲ್ ಎಲೆಗಳು ದಾರಿಯ ತುಂಬ ಬಿದ್ದಿದ್ದವು. ಒಬ್ಬಾತ ಬೆನ್ನಿಗೆ ಯಂತ್ರ ಕಟ್ಟಿಕೊಂಡು ಅವನ್ನು ಊದಿ ಊದಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಿದ್ದ. ಗಾಜಿನ ಬಾಗಿಲ ಮುಂದೆ ಲೋವೆಲ್ ತನ್ನ ಕಾರ್ಡು ತೋರಿಸಿದ, ಕೆಂಪು ದೀಪ ಬಂತು. ತಿರುಗಿಸಿ ತೋರಿಸಿದ, ಕೆಂಪೇ. ಒಳಗಿದ್ದ ಹುಡುಗಿ ಗುಂಡಿ ಒತ್ತಿ ಬಾಗಿಲು ತೆರೆದು, ಅವನ ಹಳೆಯ ಟೋಪಿ, ಪ್ಯಾಂಟಿನ ಒದ್ದೆ ಅಂಚು ಎಲ್ಲ ನೋಡಿ, ಬಹಳ ಮರ್ಯಾದೆಯಿಂದ, "ಪೈಪ್ ರಿಪೇರಿಗೆ ಬಂದ್ರಾ ಸರ್? ಅದು ಹಿಂದಿನ ಬಾಗಿಲು" ಎಂದಳು. "ಅಲ್ಲ, ಈಜಿನ ಕೋಚ್ ನಾನು" ಎಂದ. "ಓ! ನಮ್ಮಲ್ಲಿ ಈಜಿನ ತಂಡ ಇದೆಯಾ?" ಎಂದು ಅವಳು ನಿಜವಾಗಿಯೂ ಸಂತೋಷಪಟ್ಟಳು. ಅವಳದೇನು ತಪ್ಪು, ಹತ್ತೊಂಬತ್ತು ವರ್ಷದ ಹುಡುಗಿ. ಆದರೆ ಲಿಫ್ಟಿನವರೆಗೆ ನಡೆಯುವಾಗ ಕೊಳದ ಕ್ಲೋರೀನ್ ವಾಸನೆ ತನ್ನ ಮೈಯಿಂದ ಹೊರಟು ಆ ಹೊಳೆಯುವ ಹಜಾರವನ್ನೆಲ್ಲ ತುಂಬುತ್ತಿದೆ ಅನಿಸಿ, ಅವನು ಕೈಗಳನ್ನು ಜೇಬಿಗೆ ತೂರಿಸಿಕೊಂಡ. ಲಿಫ್ಟಿನ ಪಕ್ಕದ ಕಪಾಟಿನಲ್ಲಿ ಬಾಳೆಹಣ್ಣು, ಚಾಕೊಲೇಟ್ ಹಾಲು, ಬೆಣ್ಣೆ ಹಚ್ಚಿದ ಬ್ರೆಡ್ಡು. ಮೇಲೆ ಒಂದು ಚೀಟಿ: 'ಆದಾಯ ತರುವ ತಂಡಗಳಿಗೆ ಮಾತ್ರ.' ಯಾರೂ ಇರಲಿಲ್ಲ. ಒಂದು ಬಾಳೆಹಣ್ಣು ತೆಗೆದುಕೊಳ್ಳಬೇಕೆಂದು ಎಷ್ಟು ಆಸೆಯಾಯಿತೆಂದರೆ, ಐವತ್ತೆಂಟು ವರ್ಷದವನಿಗೆ, ಮೊಮ್ಮಕ್ಕಳಿರಬೇಕಾದ ವಯಸ್ಸಿನವನಿಗೆ, ಕಣ್ಣಲ್ಲಿ ನೀರು ಬರುವಷ್ಟು. ತೆಗೆದುಕೊಳ್ಳಲಿಲ್ಲ.

ಡಾನೆಟ್ ಪ್ರೂಯಿಟ್ ನಿಯಮ ಪಾಲನೆಯ ಅಧಿಕಾರಿ. ಒಳ್ಳೆಯ ಹೆಂಗಸು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಿತ್ತು.

"ಬನ್ನಿ ಲೋವೆಲ್, ಕೂತ್ಕೊಳ್ಳಿ. ಆ ಹ್ರುಸ್ಕಾ ಹುಡುಗನ ವಿಷಯ ತಾನೆ?"

"ಹಿಂದಿನ ಪಟ್ಟಿಗೆ ಅವನನ್ನ ಸೇರಿಸೋಕೆ ಬರಲ್ವಾ ಅಂತ..."

"ಯಾವ ಪಟ್ಟಿ? ಕೈಬಿಟ್ಟವರದ್ದಾ?"

"ಹೂಂ."

ಅವಳು ಕನ್ನಡಕ ತೆಗೆದಳು. "ಅದು ಜುಲೈನಲ್ಲೇ ಮುಚ್ಚಿಹೋಯ್ತಲ್ಲ. ನಾನು ನಿಮಗೆ ಬರೆದು ಕೇಳಿದ್ದೆ. ಇನ್ಯಾರಾದ್ರೂ ಇದ್ದಾರಾ, ಇದೇ ಕೊನೆ ಅಂತ. ನೀವು 'ಯಾರೂ ಇಲ್ಲ' ಅಂತ ಉತ್ತರ ಕಳಿಸಿದ್ರಿ. ಇಲ್ಲೇ ಇದೆ, ತೋರಿಸ್ಲಾ?"

"ಬೇಡ ಬೇಡ."

ತೋರಿಸುವುದೇಕೆ, ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಏಪ್ರಿಲ್‌ನಲ್ಲಿ ಮೂವತ್ತರ ಮಿತಿ ಬರುತ್ತದೆಂದಾದಾಗ ಡಾನೆಟ್ ಎಲ್ಲ ತಂಡಗಳಿಗೂ ಒಂದು ಹಾಳೆ ಕಳಿಸಿದ್ದಳು: ಮಿತಿಯ ಕಾರಣದಿಂದ ಯಾರು ಯಾರನ್ನು ಬಿಡುತ್ತೀರಿ, ಹೆಸರು ಬರೆಯಿರಿ. ಆಗ ಲೋವೆಲ್ ಎಂಟು ಹೆಸರು ಬರೆದ. ಗ್ರೇಡಿ ಆ ಹೆಸರುಗಳನ್ನು ಓದಿದ, ಹುಡುಗರು ಅತ್ತರು, ಒಬ್ಬ ಗೋಡೆಗೆ ಗುದ್ದಿ ಬೆರಳು ಮುರಿದುಕೊಂಡ. ಜೂನ್‌ನಲ್ಲಿ ನ್ಯಾಯಾಧೀಶರಿಗೆ ಕನಿಕರ ಬಂತು. ಈ ಮಿತಿಯಿಂದ ಕೈಬಿಡಲ್ಪಟ್ಟವರು ಬೇಕಾದರೆ ವಾಪಸು ಬರಲಿ, ಅವರನ್ನು ಲೆಕ್ಕಕ್ಕೇ ಹಿಡಿಯಬೇಡಿ, ಓದು ಮುಗಿಯುವವರೆಗೂ ಇರಲಿ ಎಂದರು. ಎಂಟು ಜನರಲ್ಲಿ ಐವರು ವಾಪಸು ಬಂದರು. ಇವತ್ತು ಬೆಳಿಗ್ಗೆ ನಾಲ್ಕನೆಯ ಸಾಲಿನಲ್ಲಿ ಕಾಲು ಬಡಿಯುತ್ತ ಹರಟುತ್ತಿದ್ದವರು ಅವರೇ. ಕೈಬಿಟ್ಟವರೆಲ್ಲ ಉಳಿದರು. ಕೈಬಿಡದೆ ಉಳಿಸಿಕೊಂಡ ಆರ್ಲೋಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ, ಏಕೆಂದರೆ ಅವನನ್ನು ಯಾರೂ ಬಿಟ್ಟಿರಲಿಲ್ಲವಲ್ಲ. ಬಿಟ್ಟಿದ್ದರೆ ಇರುತ್ತಿದ್ದ. ಇಂಥದ್ದನ್ನು ಯಾರಿಗೆ ವಿವರಿಸುವುದು? ಹೊರಗಿನವರಿಗೆ ಹೇಳಿದರೆ ನಿನಗೆ ತಲೆ ನೆಟ್ಟಗಿದೆಯೇ ಎಂದಾರು.

"ಮ್ಯಾನೇಜರ್ ಅಂತ ಇಟ್ಕೋಬಹುದು," ಡಾನೆಟ್ ಹೇಳುತ್ತಿದ್ದಳು. "ಟವೆಲ್ಲು, ನೀರಿನ ಬಾಟಲಿ, ಅಂಕಿ ಹಲಗೆ. ಅದಕ್ಕೆ ಮಿತಿ ಇಲ್ಲ. ಆದ್ರೆ ನೀರಿಗೆ ಇಳಿಯೋ ಹಾಗಿಲ್ಲ."

"ನೀರಿಗೆ ಇಳಿಯೋ ಹಾಗಿಲ್ಲ."

"ಇಲ್ಲ. ಲೋವೆಲ್, ನಿಮ್ಮ ಮನಸ್ಸು ನನಗೆ ಗೊತ್ತು. ಅವತ್ತು ಅವನ ಹೆಸರು ಬರೆಯೋಕೆ ನಿಮಗೆ ಮನಸ್ಸು ಬರಲಿಲ್ಲ. ಒಳ್ಳೇತನ ಮಾಡೋಕೆ ಹೋಗಿ ಹೀಗಾಯ್ತು."

ಒಳ್ಳೇತನ! ಅವನು ಎದ್ದು ನಿಂತ. ಥ್ಯಾಂಕ್ಸ್ ಹೇಳಿದನೋ ಇಲ್ಲವೋ ನೆನಪಿಲ್ಲ.

ಮಧ್ಯಾಹ್ನ ಊಟದ ಡಬ್ಬಿಯನ್ನು ಕಾರಿನಲ್ಲಿ ತೆರೆದ. ಕಾರು ನಿಲ್ಲಿಸಲು ಈಗ ಅವನಿಗೆ ಕೊಟ್ಟಿರುವುದು ಜೋಳದ ಹೊಲಕ್ಕೆ ಅಂಟಿಕೊಂಡ ಬಯಲು. ಕೊಳದಿಂದ ಹದಿನೈದು ನಿಮಿಷದ ನಡಿಗೆ. ಮೊದಲು ಅದಕ್ಕೆ ಸಿಟ್ಟು ಬಂದಿತ್ತು, ಆಮೇಲೆ ಅಲ್ಲಿ ಯಾರೂ ಮಾತಾಡಿಸುವುದಿಲ್ಲವೆಂದು ಇಷ್ಟವಾಗತೊಡಗಿತು. ಒಣಗಿದ ಜೋಳದ ದಂಟುಗಳು ಗಾಳಿಗೆ ಸದ್ದು ಮಾಡುತ್ತಿದ್ದವು. ಸ್ಯಾಂಡ್‌ವಿಚ್ ಅರ್ಧ ತಿಂದು ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟ, ಮತ್ತೆ ಬಿಚ್ಚಿದ, ಮತ್ತೆ ಸುತ್ತಿಟ್ಟ. ಒಳ್ಳೇತನವಂತೆ. ಏಪ್ರಿಲ್‌ನ ಆ ಮಧ್ಯಾಹ್ನ ಒಂಬತ್ತು ಹೆಸರು ಬರೆಯಬೇಕಿತ್ತು, ಒಂಬತ್ತು. ಎಂಟು ಬರೆದಾಗಿತ್ತು. ಒಂಬತ್ತನೆಯದಕ್ಕೆ ಪೆನ್ನು ಊರಿದ್ದ. ಆಗ ಕಿಟಕಿಯಿಂದ ಆರ್ಲೋ ಕಾಣಿಸಿದ. ಅಭ್ಯಾಸ ಮುಗಿದಿದೆ, ಎಲ್ಲರೂ ಹೋಗಿದ್ದಾರೆ, ಇವನೊಬ್ಬ ಅಂಕಿಯ ಹಲಗೆಗಳನ್ನು ಟವೆಲ್ಲಿನಿಂದ ಒರೆಸಿ ಒಂದರ ಮೇಲೊಂದು ಜೋಡಿಸುತ್ತಿದ್ದಾನೆ. ಈಗ ಇವನ ಹೆಸರು ಬರೆದರೆ, ಇನ್ನು ಹತ್ತು ನಿಮಿಷದಲ್ಲಿ ಇವನು 'ಬೈ ಕೋಚ್' ಎನ್ನಲು ಬಾಗಿಲಿಗೆ ಬಂದಾಗ, ಈ ಮುಖವನ್ನು ನಾನು ನೋಡಬೇಕಾಗುತ್ತದೆ. ಅಷ್ಟೇ. ಅಷ್ಟೇ ಅವನ ತಲೆಗೆ ಬಂದದ್ದು. ಹುಡುಗ ಚೆನ್ನಾಗಿ ಈಜುತ್ತಾನೆ ಎಂದಲ್ಲ, ಇವನಿಗೆ ಅರ್ಹತೆಯಿದೆ ಎಂದಲ್ಲ, ಕನಿಕರ ಕೂಡ ಅಲ್ಲ. ಹೇಗೂ ತಂಡದ ಇನ್ನೊಬ್ಬ ವೈದ್ಯಕೀಯ ಓದಿಗೆ ಹೊರಟಿದ್ದಾನೆ, ಒಂದು ಜಾಗ ಖಾಲಿಯಾಗುತ್ತದೆ, ಆಮೇಲೆ ನೋಡಿಕೊಂಡರಾಯಿತು ಎಂದು ಪೆನ್ನಿನ ಮುಚ್ಚಳ ಹಾಕಿದ್ದ. ಜುಲೈನಲ್ಲಿ ಡಾನೆಟ್ ಕೇಳಿದಾಗ 'ಯಾರೂ ಇಲ್ಲ' ಎಂದು ಬರೆದದ್ದೂ ಅದೇ ಕಾರಣಕ್ಕೆ. ಈಗ ಸೇರಿಸಿದರೆ ಏಪ್ರಿಲ್‌ನಲ್ಲೇ ಬಿಡಬೇಕೆಂದಿದ್ದೆ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ ಎಂದು. ಹೇಡಿ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಮೊದಲ ವರ್ಷ ಹುಡುಗನ ಅಪ್ಪ ಬಂದಿದ್ದ. ಮುನ್ನೂರು ಮೈಲಿ ಪಶ್ಚಿಮದ ಊರು. ಧಾನ್ಯದ ಉಗ್ರಾಣದಲ್ಲಿ ಕೆಲಸ. ಆ ಊರಿನ ಕೊಳಕ್ಕೆ ನೀರು ತುಂಬುವುದು ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ, ಉಳಿದ ದಿನ ಹುಡುಗ ಐವತ್ತು ಮೈಲಿ ಆಚೆಗೆ ಹೋಗಿ ಈಜುತ್ತಿದ್ದನಂತೆ. ಅಪ್ಪ ಟೋಪಿಯನ್ನು ಕೈಯಲ್ಲಿ ಹಿಡಿದು, ಹೆಂಡತಿ ಕೊಟ್ಟಿದ್ದ ಪ್ಲಮ್ ತುಂಬಿದ ಕೊಲಾಚೆ ಬನ್ನುಗಳ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಹೊರಡುವಾಗ ಕೇಳಿದ್ದ: "ಇವನು ನಿಮಗೆಲ್ಲ ಅಡ್ಡ ಬರ್ತಾ ಇಲ್ಲ ತಾನೆ?" ಛೆ ಛೆ, ಎಂದಿದ್ದ ಲೋವೆಲ್. "ಓದು ಮುಗಿಯೋವರೆಗೂ ಅವನಿಗೆ ಇಲ್ಲಿ ಜಾಗ ಇದೆ. ನಾನಿದ್ದೀನಲ್ಲ." ನಾನಿದ್ದೀನಲ್ಲ! ಯಾರು ಕೇಳಿದ್ದರು ಆ ಮಾತನ್ನು? ಆ ಮನುಷ್ಯ ಬರೀ ಅಡ್ಡ ಬರುತ್ತಾನೆಯೇ ಎಂದು ಕೇಳಿದ್ದ. ಕಾರಿನ ಗಾಜಿಗೆ ಒಂದು ಎಲೆ ಬಂದು ಅಂಟಿತು. ವೈಪರ್ ಹಾಕಿದ, ಹೋಗಲಿಲ್ಲ. ಹೇಳುತ್ತೇನೆ ಎಂದು ನಿರ್ಧರಿಸಿದ. ಬರೀ ನಿಯಮ ಎಂದು ಹೇಳುವುದಿಲ್ಲ, ನಡೆದದ್ದನ್ನೆಲ್ಲ ಹೇಳುತ್ತೇನೆ. ಏಪ್ರಿಲ್‌ನ ಪೆನ್ನಿನಿಂದ ಹಿಡಿದು. ಬೈಯಲಿ, ಹೊಡೆಯಲಿ, ಬಾಗಿಲು ಬಡಿದುಕೊಂಡು ಹೋಗಲಿ. ಅಷ್ಟಾದರೆ ಒಂದು ರಾತ್ರಿಯಾದರೂ ನಿದ್ದೆ ಬಂದೀತು. ಹಾಗೆ ನಿರ್ಧರಿಸಿದ್ದೇ ತಡ, ಎದೆ ಹಗುರಾದದ್ದು ಕಂಡು ಅವನಿಗೇ ಹೇಸಿಗೆಯಾಯಿತು.

ಅವನ ಕೋಣೆ ಪಂಪುಗಳ ಪಕ್ಕದಲ್ಲಿತ್ತು. ಗೋಡೆ ಸದಾ ಸಣ್ಣಗೆ ನಡುಗುತ್ತಿತ್ತು. ನಾಲ್ಕು ಗಂಟೆಗೆ ಆರ್ಲೋ ಬಂದ. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಕೊರಳಿಗೆ ಟವೆಲ್ಲು.

"ಕೂತ್ಕೋ."

"ಚಡ್ಡಿ ಒದ್ದೆ ಕೋಚ್. ನಿಂತೇ ಇರ್ತೀನಿ."

ಲೋವೆಲ್ ಪೆನ್ನು ತೆಗೆದುಕೊಂಡ, ಇಟ್ಟ. "ನಾಳೆಯಿಂದ... ಆರ್ಲೋ, ಮೂವತ್ತು ಜನಾನೇ ಇರಬೇಕು. ನಾವು ಮೂವತ್ತೊಂದಿದ್ದೀವಿ."

"ಮೂವತ್ತೊಂದನೆಯವನು ನಾನು."

"ಹೂಂ."

ಹುಡುಗ ಟವೆಲ್ಲಿನ ತುದಿಯಿಂದ ಕಿವಿ ಒರೆಸಿಕೊಂಡ. ಬಲಗಿವಿ ಒರೆಸಿ, ಎಡಗಿವಿ ಒರೆಸಿ, ಮತ್ತೆ ಬಲಗಿವಿ. "ಬೆಳಿಗ್ಗೆಯೇ ಅಂದ್ಕೊಂಡೆ. ನೀವು ಎಲ್ಲಿ ಅಂತ ಕೇಳಿದ್ರೆ ಗ್ರೇಡಿ, ಡಾನೆಟ್ ಹತ್ರ ಹೋಗಿದ್ದಾರೆ ಅಂದ್ರು, ಆಮೇಲೆ ನನ್ನ ಮುಖ ನೋಡಿ ಸುಮ್ನಾದ್ರು. ನಗಲೂ ಇಲ್ಲ. ಗ್ರೇಡಿ ನಗಲಿಲ್ಲ ಅಂದ್ರೆ ಏನೋ ಆಗಿದೆ ಅಂತಾನೇ ಲೆಕ್ಕ." ತಾನೇ ಸ್ವಲ್ಪ ನಕ್ಕ. "ಬ್ರೈಸ್‌ಗೆ ಇದು ಅವನಿಂದಾಯ್ತು ಅಂತ ಹೇಳ್ಬೇಡಿ ಕೋಚ್. ಮೊದಲೇ ಒಂದು ಸಲ ಬೀದಿಗೆ ಬಿದ್ದು ಬಂದಿದ್ದಾನೆ ಪಾಪ."

"ಹೇಳಲ್ಲ."

"ನನಗೋಸ್ಕರ ಅಲ್ಲಿವರೆಗೂ ಹೋಗಿ ಕೇಳಿದ್ರಲ್ಲ. ಥ್ಯಾಂಕ್ಸ್."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದಕ್ಕೆ ಅವನು ಸಿದ್ಧನಾಗಿರಲಿಲ್ಲ. "ಮ್ಯಾನೇಜರ್ ಆಗಿ ಇರಬಹುದಂತೆ," ಎಂದ, ಹೇಳಬೇಕಾದದ್ದನ್ನು ಬಿಟ್ಟು. "ಕೊಳದ ಹತ್ರ ಇರಬಹುದು. ಎಣಿಸಬಹುದು. ನೀರಿಗೆ ಮಾತ್ರ..."

"ಅದು ಬೇಡ ಕೋಚ್." ಮೊದಲ ಸಲ ಹುಡುಗನ ದನಿ ಗಟ್ಟಿಯಾಯಿತು. "ದಯವಿಟ್ಟು ಅದೊಂದು ಬೇಡ."

ಪಂಪು ಒಮ್ಮೆ ನಿಂತು ಮತ್ತೆ ಶುರುವಾಯಿತು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ. ಲೋವೆಲ್ ಮೇಜಿನ ಅಂಚು ಹಿಡಿದುಕೊಂಡ.

"ಆರ್ಲೋ, ಕೇಳು. ಏಪ್ರಿಲ್‌ನಲ್ಲಿ ಆ ಪಟ್ಟಿ ಮಾಡಿದ್ದು ನಾನು. ನಿನ್ನ ಹೆಸರು ಅದರಲ್ಲಿ ಇದ್ದಿದ್ರೆ ಇವತ್ತು ನೀನು ಉಳೀತಿದ್ದೆ."

"ಗೊತ್ತು ಕೋಚ್. ಹುಡುಗರೆಲ್ಲ ತಮಾಷೆ ಮಾಡ್ತಾರೆ. ಕೈಬಿಟ್ಟರೆ ಲಾಟರಿ ಹೊಡೆದ ಹಾಗೆ ಅಂತ."

"ನಾನು ಬರೀಲಿಲ್ಲ. ಅದು ನನ್ನ..."

"ತಪ್ಪು ಅಂತ ಮಾತ್ರ ಅನ್ಬೇಡಿ."

ಲೋವೆಲ್ ತಲೆಯೆತ್ತಿದ. ಹುಡುಗನ ಕಿವಿಗಳು ಕೆಂಪಾಗಿದ್ದವು.

"ಅವತ್ತು ಗ್ರೇಡಿ ಹೆಸರು ಓದೋಕೆ ಮುಂಚೆ ನಾನು ಲಾಕರ್ ಖಾಲಿ ಮಾಡಿಟ್ಟೇ ಬಂದಿದ್ದೆ, ಗೊತ್ತಾ? ಚಪ್ಪಲಿ, ಸೋಪು, ಎಲ್ಲ ಚೀಲದಲ್ಲಿ. ನಂದೇ ಮೊದಲ ಹೆಸರು ಅಂದ್ಕೊಂಡಿದ್ದೆ. ಎಂಟು ಓದಿದ್ರು. ನನಗಿಂತ ಜೋರಾಗಿ ಈಜೋರ ಹೆಸರು ಬಂತು. ನಂದು ಬರಲೇ ಇಲ್ಲ. ಹೊರಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ನಂಬಲಿಲ್ಲ, ಮತ್ತೆ ವಿಚಾರಿಸು ಅಂದ್ರು." ಅವನು ಕೊರಳಿನ ಟವೆಲ್ಲನ್ನು ಎಳೆದು ಸರಿಮಾಡಿಕೊಂಡ. "ಇಲ್ಲಿ ಎಲ್ಲರಿಗೂ ನಾನು ಎಣಿಸೋ ಹುಡುಗ. ಪರವಾಗಿಲ್ಲ, ನನಗೂ ಅದು ಇಷ್ಟ. ಆದ್ರೆ ಒಬ್ಬರು ಕೂತು, ಹಾಳೆ ಮುಂದಿಟ್ಟುಕೊಂಡು, ಇವನೂ ಈಜೋನೇ, ಇವನನ್ನ ಬಿಡಬಾರದು ಅಂತ ಅಂದ್ಕೊಂಡಿದ್ರಲ್ಲ. ಅದಕ್ಕೇ ತಾನೆ ಕೋಚ್ ಬರೀದೇ ಇದ್ದದ್ದು? ನಾನು ಸಾಕಷ್ಟು ಚೆನ್ನಾಗಿದ್ದೀನಿ ಅಂತ?"

ಎಷ್ಟು ನೇರವಾಗಿ ಕೇಳಿಬಿಟ್ಟ. ಹೇಳು, ಎಂದಿತು ಲೋವೆಲ್‌ನ ಒಳಗಿದ್ದದ್ದು, ಕಾರಿನಲ್ಲಿ ಕೂತು ನಿರ್ಧರಿಸಿದ್ದೆಯಲ್ಲ, ಈಗ ಹೇಳು. ನಿನ್ನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ ಕಣೋ, ಬೇರೇನೂ ಅಲ್ಲ ಎನ್ನು. ಹೇಳಿದರೆ ತನಗೆ ಕ್ಷಮೆ ಸಿಗುತ್ತದೆ. ಈ ಹುಡುಗ ಕ್ಷಮಿಸದೆ ಇರುವ ಪೈಕಿ ಅಲ್ಲ. ಆದರೆ ಕ್ಷಮೆ ಬೇಕಾದರೆ ಆ ಏಪ್ರಿಲ್‌ನ ಮಧ್ಯಾಹ್ನವನ್ನು ಇವನಿಂದ ಕಿತ್ತುಕೊಳ್ಳಬೇಕು. ಜಾಗವನ್ನಂತೂ ಕಿತ್ತುಕೊಂಡಾಯಿತು, ಈಗ ಅದನ್ನೂ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಒಂಟಿ ಅನಿಸಿದ್ದು ಲೋವೆಲ್‌ಗೆ ನೆನಪಿರಲಿಲ್ಲ. ಎದುರಿಗೇ ಮೂರು ಅಡಿ ದೂರದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ, ತನ್ನನ್ನು ಪ್ರೀತಿಸುತ್ತಾನೆ ಕೂಡ, ಅವನಿಗೆ ಹೇಳುವ ಹಾಗಿಲ್ಲ.

"ಹೌದು," ಎಂದ. "ಅದಕ್ಕೇ."

ಆರ್ಲೋ ತಲೆದೂಗಿದ. ಹೋಗುತ್ತಾನೆ ಎಂದುಕೊಂಡರೆ ಹೋಗಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತ. "ಸುಮ್ನೆ ಕೇಳ್ತಿದ್ದೀನಿ, ಬೇಜಾರಾಗ್ಬೇಡಿ. ನಿಮ್ಮ ಲೆಕ್ಕದಲ್ಲಿ ನಾನು ಎಷ್ಟನೆಯವ? ಇಡೀ ತಂಡದಲ್ಲಿ?"

ಇದನ್ನು ಲೋವೆಲ್ ಎಣಿಸಿರಲಿಲ್ಲ. ಮೂವತ್ತು ಎಂದರೆ ತೀರ ಜಿಪುಣತನವಾಯಿತು. ಹದಿನೈದು ಎಂದರೆ ನಂಬುವುದಿಲ್ಲ. ಕೊಡುವುದು ಕೊಡುತ್ತಿದ್ದೇನೆ, ಕೈತುಂಬ ಕೊಡೋಣ ಎನಿಸಿತು.

"ಇಪ್ಪತ್ತನಾಲ್ಕು."

"ಇಪ್ಪತ್ತನಾಲ್ಕಾ!"

"ಇಪ್ಪತ್ತನಾಲ್ಕು," ಲೋವೆಲ್ ಗಟ್ಟಿಯಾಗಿ ಹೇಳಿದ. "ಮುಂಚೆಯಿಂದಲೂ ಹಾಗೇ ಅಂದ್ಕೊಂಡಿದ್ದೆ."

ಹುಡುಗ ಅವನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಬಂದು ಕೈ ಕುಲುಕಿದ. ಕೈ ತಣ್ಣಗೆ, ನೀರಿನಲ್ಲಿ ಬಹಳ ಹೊತ್ತಿದ್ದು ಸುಕ್ಕುಗಟ್ಟಿತ್ತು. "ಬೈ ಕೋಚ್" ಎಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.

ಲೋವೆಲ್ ಹಾಳೆಯನ್ನು ಎದುರಿಗಿಟ್ಟುಕೊಂಡ. ಮೂವತ್ತು ಹೆಸರು, ಕೆಳಗೆ ಸಹಿ. ನಾಲ್ಕು ಇಪ್ಪತ್ತಾಗಿತ್ತು. ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪವಾಗಬೇಕಿತ್ತು, ಆಗಲಿಲ್ಲ. ಬಹಳ ದಿನದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದ ಹಾಗಿತ್ತು, ನಾಚಿಕೆಗೆಟ್ಟ ಹಾಗೆ ಸಂತೋಷವೂ ಆಯಿತು. ಸಹಿ ಹಾಕಿದ. ಪಂಪು ನಿಂತಿತು. ಆ ಮೌನದಲ್ಲಿ ತೆಳು ಗೋಡೆಯ ಆಚೆಯಿಂದ, ಹಜಾರದಿಂದ, ಆರ್ಲೋನ ದನಿ ಕೇಳಿಸಿತು. ಊರಿಗೆ ಫೋನು.

"ಹೂಂ ಅಪ್ಪಾ, ಹೇಳಿದ್ರು... ಇಲ್ಲ, ಇವತ್ತಿಂದಾನೇ... ಇಲ್ಲಪ್ಪಾ, ಅಳ್ತಿಲ್ಲ, ನೆಗಡಿ... ಕೇಳಿಲ್ಲಿ, ಕೋಚ್ ಲೆಕ್ಕದಲ್ಲಿ ನಾನು ಇಪ್ಪತ್ತನಾಲ್ಕನೆಯವನಂತೆ. ಹೌದು, ಅವರೇ ಹೇಳಿದ್ದು. ಇಪ್ಪತ್ತನಾಲ್ಕು."

ಮುನ್ನೂರು ಮೈಲಿ ಆಚೆ ಆ ಮನುಷ್ಯ ಏನೋ ಕೇಳುತ್ತಿದ್ದ.

"ಹೌದು," ಎಂದ ಆರ್ಲೋ. "ಮೂವತ್ತರ ಒಳಗೇ ಬರುತ್ತೆ... ಹೌದಪ್ಪಾ, ಹಾಗಿದ್ರೆ ನನ್ನ ಯಾಕೆ ತೆಗೀಬೇಕು, ಅಷ್ಟು ನನಗೂ ಅರ್ಥ ಆಗುತ್ತೆ." ಟವೆಲ್ಲಿನಿಂದ ಮೂಗು ಒರೆಸಿಕೊಂಡ ಸದ್ದು. "ಇರ್ಲಿ ಬಿಡು. ಅವರನ್ನ ಏನೂ ಕೇಳೋಕೆ ಹೋಗ್ಬೇಡ. ಪಾಪ, ಒಳ್ಳೇ ಮನುಷ್ಯ."